ಮನೆಯಿಂದ ಮನೆಗೆ ಎಷ್ಟು ಗಂಟೆ?

ಕಳೆದ ಮಾಘಮಾಸದಲ್ಲಿ ದಾವಣಗೆರೆಯ ನಮ್ಮ ನೆರೆಮನೆಯ ಹಿರಿಯರು ಬೆಳಗಿನ ಜಾವ ನಾಲ್ಕಕ್ಕೆ ಲಿಂಗೈಕ್ಯರಾದರು. ಹಿರಿಯ ಮಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. "ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹದಿನೇಳೇ ಗಂಟೆ" ಎಂದು ಬಂಧುಗಳೊಬ್ಬರು ಹೇಳಿದರು. ಮರುದಿನ ಮಧ್ಯಾಹ್ನದೊಳಗೆ ಮಗ ಬಂದು ತಂದೆಯ ಮುಖ ನೋಡುವನೆಂದು ಎಲ್ಲರೂ ನಂಬಿದರು.

ಆ ಮಾತು ಸುಳ್ಳೇನಲ್ಲ. ಈ ಎರಡು ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 14,000 ಕಿ.ಮೀ. ಮಕ್ಕಳ ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಸಾಗರದ ನಡುವೆ ಹೋಗದೆ ಸೈಬೀರಿಯಾದ ಉತ್ತರದ ಅಂಚನ್ನು ಬಳಸಿ ಹೋಗುತ್ತದೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಹದಿನೈದೂವರೆ ಗಂಟೆಯ ಹಾದಿ. ಆದರೆ ಎತ್ತರದ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ವಿಮಾನಗಳು ಅದಕ್ಕೆ ತಕ್ಕಂತೆ ದಾರಿ ಬದಲಿಸುತ್ತವೆ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ನಾಲ್ವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವ ಪ್ರದೇಶದ ಮೇಲಿನಿಂದ ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ತಂದಿಳಿಸಿದರು. ಶನಿವಾರ ರಾತ್ರಿ ಹೊರಟವರು ಇಳಿದದ್ದು ಸೋಮವಾರ ಬೆಳಗಿನ ಜಾವ! ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದೇ ಇದಕ್ಕೆ ಕಾರಣ.

ನಮ್ಮ ನೆರೆಮನೆಯವರು ತಪ್ಪಿದ್ದು ಬೇರೆಡೆ. ಸುದ್ದಿ ಮುಟ್ಟಿದಾಗ ಮಗನಿಗೆ ಹಿಂದಿನ ದಿನದ ಮಧ್ಯಾಹ್ನ ಎರಡೂವರೆ. ನೇರ ವಿಮಾನದಲ್ಲಿ ಸ್ಥಳ ಸಿಗಲಿಲ್ಲ. ಅಲ್ಲಿಯ ರಾತ್ರಿ ಒಂಬತ್ತಕ್ಕೆ, ಎಂದರೆ ನಮ್ಮ ಬೆಳಿಗ್ಗೆ ಹತ್ತೂವರೆಗೆ, ದುಬೈ ಮಾರ್ಗವಾಗಿ ಹೊರಟನು. ಅಲ್ಲಿಗೇ ಹದಿನಾರು ಗಂಟೆ. ಇನ್ನೊಂದು ವಿಮಾನಕ್ಕೆ ಐದು ಗಂಟೆ ಕಾಯುವಿಕೆ. ಮತ್ತೆ ನಾಲ್ಕು ಗಂಟೆ ಹಾರಾಟ. ದೇವನಹಳ್ಳಿಯಲ್ಲಿ ಇಳಿದಾಗ ಮರುದಿನ ಹನ್ನೊಂದೂವರೆ. ಪಾಸ್‌ಪೋರ್ಟ್ ತಪಾಸಣೆ, ಸಾಮಾನು, ಆಮೇಲೆ ದಾವಣಗೆರೆಗೆ ಐದು ಗಂಟೆಯ ರಸ್ತೆ.

ಇತ್ತ ಮಧ್ಯಾಹ್ನ ಕಳೆಯಿತು. ಮೂರರವರೆಗೆ ಕಾದರು. ಅವನ ಫೋನ್ ಕೈಗೆ ಸಿಗಲಿಲ್ಲ. ಹೊತ್ತು ಮುಳುಗುವ ಮುನ್ನ ಮುಗಿಸಬೇಕೆಂದು ಹಿರಿಯರು ತೀರ್ಮಾನಿಸಿದರು. ಸಮಾಧಿ ಕ್ರಿಯೆ ಮುಗಿಸಿ ಎಲ್ಲರೂ ಮನೆಗೆ ಮರಳಿದ ಮೇಲೆ, ಆರು ಗಂಟೆಗೆ, ಮಗ ಬಾಗಿಲಿಗೆ ಬಂದನು.

ಆರು ಗಂಟೆ ಎಂದು ಮೊದಲೇ ತಿಳಿದಿದ್ದರೆ ಅವರು ಕಾಯುತ್ತಿದ್ದರೋ, ಹಿಂದಿನ ದಿನವೇ ಮುಗಿಸುತ್ತಿದ್ದರೋ, ಅದು ಆ ಮನೆಯವರಿಗೆ ಬಿಟ್ಟದ್ದು. ಅರ್ಧ ಕಾದು ಕೈಬಿಟ್ಟ ಸಂಕಟವಾದರೂ ತಪ್ಪುತ್ತಿತ್ತು. ಮಕ್ಕಳು ಪರದೇಶದಲ್ಲಿರುವ ಓದುಗರು ದೂರವಾಣಿಯಲ್ಲಿ "ವಿಮಾನ ಎಷ್ಟು ಗಂಟೆಯದು?" ಎಂದು ಕೇಳದೆ, "ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ ಮನೆಯ ಹೊಸ್ತಿಲಲ್ಲಿರುವೆ?" ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ.