ಬೆಲ್ಲ ಎರಡು ದಿನಕ್ಕೆ ಕೆಡಲ್ಲ, ಹೆಸರು ಕೆಡುತ್ತೆ



ಇವತ್ತು ಬೆಳೆಯೋ ವಿಷಯ ಅಲ್ಲ, ಬೆಳೆದಿದ್ದನ್ನು ವೆಬ್‌ಸೈಟಿನಲ್ಲಿ ಮಾರೋ ವಿಷಯ. ನಮ್ಮ ಸುತ್ತಮುತ್ತ ಬೆಲ್ಲ, ಅಕ್ಕಿ, ಗಾಣದ ಎಣ್ಣೆ ಅಂತ ನೇರವಾಗಿ ಗಿರಾಕಿಗೆ ಕಳಿಸೋರು ಜಾಸ್ತಿ ಆಗಿದ್ದಾರೆ. ಅದಕ್ಕೇ ಒಂದು ಮಾತು ಖಡಾಖಂಡಿತವಾಗಿ ಹೇಳ್ತೀನಿ. ವೆಬ್‌ಸೈಟಿನ ಸರ್ಟಿಫಿಕೇಟ್ ಕೆಟ್ಟು, ಗಿರಾಕಿಯ ಫೋನಿನಲ್ಲಿ ಇದು ಸುರಕ್ಷಿತ ಅಲ್ಲ ಅಂತ ಬಂದರೆ, ಅದು ಸರಿಯಾಗೋವರೆಗೂ ಅಲ್ಲಿ ದುಡ್ಡು ತಗೊಳ್ಳೋದನ್ನು ನಿಲ್ಲಿಸಬೇಕು. "ಪರವಾಗಿಲ್ಲ, ಒತ್ತಿ ಮುಂದಕ್ಕೆ ಹೋಗಿ" ಅಂತ ಗಿರಾಕಿಗೆ ಹೇಳಲೇಬಾರದು.

ನಮ್ಮ ಹನ್ನೊಂದು ಮನೆಯವರ ಬೆಲ್ಲದ ಗುಂಪಿನಲ್ಲಿ ಸಂಕ್ರಾಂತಿಗೆ ಮುಂಚೆ ಇದೇ ಆಯ್ತು. ವೆಬ್‌ಸೈಟಿಗೆ ಜಾಗ ಕೊಟ್ಟಿರೋ ಕಂಪನಿಯವರು ತಮ್ಮ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರು. ಮಾರನೇ ದಿನದಿಂದ ಗಿರಾಕಿಗಳ ಖಾತೆಯಿಂದ ದುಡ್ಡು ಹೋಗ್ತಿತ್ತು, ನಮ್ಮ ಆರ್ಡರ್ ಪಟ್ಟಿಯಲ್ಲಿ ಮಾತ್ರ "ಪಾವತಿ ಬಾಕಿ" ಅಂತಲೇ ತೋರಿಸ್ತಿತ್ತು. ಬೆಂಗಳೂರಿನ ಒಬ್ಬರು ಅಮ್ಮ, ಆಗಲಿಲ್ಲವೇನೋ ಅಂದ್ಕೊಂಡು ಎರಡು ಸಲ ಕಟ್ಟಿಬಿಟ್ಟಿದ್ರು. ಕೆಲವರ ಫೋನಿನಲ್ಲಿ ಸೈಟೇ ತೆರೀದೆ ಎಚ್ಚರಿಕೆ ಬರ್ತಿತ್ತು. ಸೈಟ್ ನೋಡಿಕೊಳ್ಳೋ ಹುಡುಗ, "ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ತೆರೀತಿದೆಯಲ್ಲ ಅಣ್ಣ" ಅಂದ. ಅವನು ಹೇಳಿದ್ದೂ ನಿಜವೇ.

ಇದು ಹೇಗೆ ಅಂದ್ರೆ, ಸರ್ಟಿಫಿಕೇಟ್ ಅನ್ನೋದು "ಈ ವಿಳಾಸದ ಸೈಟ್ ಇದೇ" ಅಂತ ತೋರಿಸೋ ದಾಖಲೆ. ನಮ್ಮ ಫೋನಿಗೆ ಮೂಲದ ಕೆಲವು ದೊಡ್ಡ ಸಂಸ್ಥೆಗಳು ಮಾತ್ರ ಗೊತ್ತು. ಆ ಮೂಲ ಸಂಸ್ಥೆಗೂ ನಮ್ಮ ಸೈಟಿಗೂ ನಡುವೆ ಇನ್ನೊಂದು ಸರ್ಟಿಫಿಕೇಟ್ ಇರುತ್ತೆ. ಅದನ್ನೂ ನಮ್ಮ ಸೈಟೇ ಕೊಡಬೇಕು. ಅಪ್‌ಡೇಟ್ ಆದಾಗ ಅದು ಬಿಟ್ಟುಹೋಗಿತ್ತು. ತಾತನ ಜಮೀನು ಮೊಮ್ಮಗನ ಹೆಸರಿಗೆ ಖಾತೆ ಮಾಡಿಸೋಕೆ ಹೋಗಿ, ವಂಶವೃಕ್ಷದಲ್ಲಿ ಅಪ್ಪನ ಹೆಸರೇ ಇಲ್ಲದಿದ್ರೆ ಏನಾಗುತ್ತೆ? ಹಾಗೇ ಆಯ್ತು ಇದು. ಕಂಪ್ಯೂಟರಿನ ಕೆಲವು ಬ್ರೌಸರುಗಳು ಆ ನಡುವಿನದನ್ನು ತಾವೇ ಹುಡುಕಿಕೊಳ್ತವೆ, ಅದಕ್ಕೇ ಹುಡುಗನಿಗೆ ಸರಿ ಕಾಣ್ತು. ಪೇಮೆಂಟ್ ಗೇಟ್‌ವೇ ಹಾಗೆ ಹುಡುಕಲ್ಲ. ದುಡ್ಡು ಬಂತು ಅನ್ನೋ ಸಂದೇಶ ನಮ್ಮ ಸೈಟಿಗೆ ಕಳಿಸೋಕೆ ಬರುತ್ತೆ, ದಾಖಲೆ ಪೂರ್ತಿ ಇಲ್ಲ ಅಂದ್ರೆ ವಾಪಸ್ ಹೋಗುತ್ತೆ. ದುಡ್ಡು ಗೇಟ್‌ವೇ ಖಾತೆಯಲ್ಲಿ, ಆರ್ಡರ್ ಬಾಕಿಯಲ್ಲಿ.

ರಿಪೇರಿ ದೊಡ್ಡದಲ್ಲ. ಪೂರ್ತಿ ಸರಪಳಿ ಇರೋ ಸರ್ಟಿಫಿಕೇಟ್ ಫೈಲ್ ಹಾಕಿ, ಸರ್ವರ್ ಮತ್ತೆ ಚಾಲೂ ಮಾಡಿದ್ರೆ ಆಯ್ತು. ಆಮೇಲೆ ಗೇಟ್‌ವೇ ಲೆಕ್ಕವನ್ನೂ ಆರ್ಡರ್ ಪಟ್ಟಿಯನ್ನೂ ಸಾಲು ಸಾಲಾಗಿ ತಾಳೆ ಹಾಕಿ, ಎರಡು ಸಲ ಕಟ್ಟಿದ್ದವರ ದುಡ್ಡು ವಾಪಸ್ ಮಾಡಿದ್ವಿ. ಇದಕ್ಕೆಲ್ಲ ಎರಡು ದಿನ ಹಿಡೀತು.

ಜಗಳ ಆಗಿದ್ದು ಆ ಎರಡು ದಿನದ ಬಗ್ಗೆ. ಸಂಕ್ರಾಂತಿ ವ್ಯಾಪಾರ ಹೋಗುತ್ತೆ, ಗುಂಪಿನ ಒಬ್ಬರ ಫೋನ್ ನಂಬರಿಗೇ ದುಡ್ಡು ಹಾಕಿಸಿಕೊಳ್ಳೋಣ ಅಂದ್ರು ಕೆಲವರು. ಅವರ ಸಂಕಟ ನನಗೂ ಗೊತ್ತು. ಬಡ್ಡಿ ಕಟ್ಟೋರಿಗೆ ಎರಡು ದಿನವೂ ದೊಡ್ಡದೇ. ಆದ್ರೂ ನಾನು ಬೇಡ ಅಂದೆ. "ಸೈಟ್ ಕೆಟ್ಟಿದೆ, ಈ ನಂಬರಿಗೆ ಕಳಿಸಿ" ಅನ್ನೋದನ್ನು ಗಿರಾಕಿಗೆ ನಾವೇ ರೂಢಿ ಮಾಡಿಸಿದ್ರೆ, ನಾಳೆ ಅದೇ ಮಾತನ್ನು ಕಳ್ಳನೊಬ್ಬ ನಮ್ಮ ಹೆಸರಿನಲ್ಲಿ ಕಳಿಸ್ತಾನೆ. ಆ ಅಮ್ಮ ನಂಬಿ ಕಳಿಸ್ತಾರೆ. ಆಮೇಲೆ 1930ಕ್ಕೆ ಫೋನ್ ಮಾಡಿ ದೂರು ಕೊಡೋ ಪಾಡು ಅವರದ್ದು, ಕೆಟ್ಟ ಹೆಸರು ನಮ್ಮದು. ಬೆಲ್ಲ ಎರಡು ದಿನಕ್ಕೆ ಕೆಡಲ್ಲ, ಹೆಸರು ಕೆಡುತ್ತೆ. ಸೊಪ್ಪು, ಹಣ್ಣು ಮಾರೋರು ಕಾಯೋಕಾಗಲ್ಲ ನಿಜ. ಅವರು ಫೋನಿನಲ್ಲಿ ಆರ್ಡರ್ ಬರ್ಕೊಂಡು, ಸಾಮಾನು ಕೈಗೆ ಸೇರಿದ ಮೇಲೆ ದುಡ್ಡು ತಗೊಳ್ಳಲಿ.

ಹಾಗಂತ ಅಪ್‌ಡೇಟೇ ಬೇಡ ಅನ್ನೋದೂ ತಪ್ಪು. ಹಳೇ ಸಾಫ್ಟ್‌ವೇರಿನ ತೂತುಗಳಿಂದಲೇ ಕಳ್ಳರು ನುಗ್ಗೋದು. ಮಾಡೋ ರೀತಿಯಲ್ಲಿ ಮಾಡಬೇಕು ಅಷ್ಟೇ. ಹಬ್ಬದ ಹಿಂದಿನ ದಿನ ಅಲ್ಲ, ಆರ್ಡರ್ ಕಮ್ಮಿ ಇರೋ ದಿನ, ಇಡೀ ಸೈಟಿನ ನಕಲು ತೆಗೆದಿಟ್ಟು ಮಾಡಿ. ಕಂಪನಿಯವರೇ ಮಾಡೋದಾದ್ರೆ ಮುಂಚೆ ತಿಳಿಸಿ ಅಂತ ಬರೆದು ಕೇಳಿ. ಮುಗಿದ ಮೇಲೆ ಲ್ಯಾಪ್‌ಟಾಪ್ ನೋಡಿ ಸುಮ್ಮನಾಗಬೇಡಿ. ಎರಡು ಬೇರೆ ಬೇರೆ ಫೋನಿನಿಂದ ₹10 ಕಟ್ಟಿ, ಆರ್ಡರ್ ಪಟ್ಟಿಗೆ ಬಂತಾ ನೋಡಿ. ಡೇರಿ ಪುಸ್ತಕ ನೋಡಿದ ಹಾಗೆ ದಿನಾ ಸಂಜೆ ಗೇಟ್‌ವೇ ಲೆಕ್ಕ ತಾಳೆ ನೋಡಿ. ಒಬ್ಬ ಗಿರಾಕಿಗೆ ಮಾತ್ರ ಎಚ್ಚರಿಕೆ ಬಂದಿದ್ರೆ ಅವರ ಫೋನಿನ ತಾರೀಕು ಸರಿ ಇದೆಯಾ ಕೇಳಿ. ತಾರೀಕು ತಪ್ಪಿದ್ರೂ ಹಾಗೇ ಬರುತ್ತೆ.

ಇನ್ನೊಂದು ವಿಷಯ. ಪುಕ್ಕಟೆ ಸಿಗೋ ಸರ್ಟಿಫಿಕೇಟಿನ ಆಯಸ್ಸು ಹೆಚ್ಚಾಗಿ 90 ದಿನ. ದುಡ್ಡು ಕೊಟ್ಟು ತಗೊಳ್ಳೋದಕ್ಕೆ 398 ದಿನದವರೆಗೆ ಅವಕಾಶ ಇತ್ತು. ಅದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಟ್ರ್ಯಾಕ್ಟರ್ ಇನ್ಶೂರೆನ್ಸಿನ ಹಾಗೆ ವರ್ಷಕ್ಕೊಂದು ಸಲ ನೆನಪಿಟ್ಟುಕೊಂಡು ಮಾಡ್ತೀನಿ ಅನ್ನೋ ಕಾಲ ಮುಗೀತು. ತಾನಾಗೇ ನವೀಕರಣ ಆಗೋ ವ್ಯವಸ್ಥೆ ಇದೆಯಾ ಅಂತ ಸೈಟ್ ನೋಡೋರನ್ನು ಈಗಲೇ ಕೇಳಿ. ಎಚ್ಚರಿಕೆಯ ಮೇಲ್ ಅವರೊಬ್ಬರಿಗೇ ಬೇಡ, ಗುಂಪಿನ ಇಬ್ಬರಿಗೆ ಬರಲಿ. ಸೈಟಿನ ವಿಳಾಸ, ಗೇಟ್‌ವೇ ಖಾತೆ ಎರಡೂ ಗುಂಪಿನ ಹೆಸರಿನಲ್ಲೇ ಇರಲಿ.

ಯುಗಾದಿ ಆರ್ಡರ್ ಶುರುವಾಗೋ ಮುಂಚೆ ನಿಮ್ಮ ಸೈಟಿನಲ್ಲಿ ನೀವೇ ಒಂದು ಸಲ ಗಿರಾಕಿಯಾಗಿ ದುಡ್ಡು ಕಟ್ಟಿ ನೋಡಿ.