ಕಿರುಬೆರಳು ಜೋಮು ಹಿಡಿದರೆ ಮೊಣಕೈ ನೋಡಿ

ಮೊಣಕೈ ಬೆಂಚಿಗೆ ತಗುಲಿದಾಗ ಕರೆಂಟು ಹೊಡೆದಂತಾಗುತ್ತದಲ್ಲ, ಅದು ಮೂಳೆಯದಲ್ಲ, ಅಲ್ನರ್ ಎಂಬ ನರದ್ದು. ಕಿರುಬೆರಳು ಮತ್ತು ಅರ್ಧ ಉಂಗುರ ಬೆರಳಿಗೆ ಸ್ಪರ್ಶ ಕೊಡುವುದು, ಕೈಯೊಳಗಿನ ಸಣ್ಣ ಸ್ನಾಯುಗಳನ್ನು ನಡೆಸುವುದು ಇದೇ ನರ. ಮೊಣಕೈ ಮಡಚಿಟ್ಟರೆ, ಗಟ್ಟಿ ಜಾಗಕ್ಕೆ ಊರಿದರೆ ಇದರ ಮೇಲೆ ಒತ್ತಡ ಬೀಳುತ್ತದೆ.

ನಮ್ಮ ಮಾಮು ಜರ್ದೋಸಿ ಕೆಲಸದವರು. ಅಡ್ಡಾದ ಮರಕ್ಕೆ ಮೊಣಕೈ ಊರಿ ದಿನವಿಡೀ ಕೂರುತ್ತಾರೆ. ಬೆರಳು ಜೋಮು ಹಿಡಿದಾಗ ಹಿರಿಯರು ಬೆರಳಿಗೇ ಎಣ್ಣೆ ತಿಕ್ಕಿಸಿದರು. ಸೂಜಿ ಕೈಯಿಂದ ಜಾರತೊಡಗಿದ ಮೇಲೆಯೇ ಅವರು ಡಾಕ್ಟರ ಬಳಿ ಹೋದದ್ದು. ಡಾಕ್ಟರು ಮೊದಲು ಮುಟ್ಟಿ ನೋಡಿದ್ದು ಮೊಣಕೈಯನ್ನು!

ಆರಂಭದಲ್ಲಾದರೆ ಚಿಕಿತ್ಸೆ ಸರಳ. ಮೊಣಕೈ ಊರಬಾರದು, ರಾತ್ರಿ ಕೈ ಮಡಚದಂತೆ ಟವೆಲ್ ಸುತ್ತಿ ಮಲಗಬೇಕು. ಎಷ್ಟೋ ಜನರಿಗೆ ಇಷ್ಟರಲ್ಲೇ ಗುಣ ಕಾಣುತ್ತದೆ. ಕಡಿಮೆಯಾಗದಿದ್ದರೆ ನರದ ಪರೀಕ್ಷೆ, ಬೇಕಾದರೆ ಒತ್ತಡ ಬಿಡಿಸುವ ಆಪರೇಷನ್. ಆದರೆ ಕೈಯ ಸ್ನಾಯು ಸೊರಗಿದ ಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಬಲ ಬರದೇ ಹೋಗಬಹುದು.

ಪೀಸ್ ಲೆಕ್ಕದ ಕೂಲಿಯವರು ಆಸ್ಪತ್ರೆಗೆ ಹೋದರೆ ಆ ದಿನದ ಸಂಪಾದನೆ ಇಲ್ಲ, ಅದಕ್ಕೇ ಮುಂದೂಡುತ್ತಾರೆ. ಕಾಮರ್ಸ್ ಓದುವ ನನಗೆ ಇದು ಒಂದು ದಿನದ ಕೂಲಿಗಾಗಿ ಬಂಡವಾಳವನ್ನೇ ಕರಗಿಸಿದಂತೆ ಕಾಣುತ್ತದೆ. ತಪ್ಪು ಅವರದಷ್ಟೇ ಅಲ್ಲ. ಕೆಲಸ ಕೊಡುವವರು ಅಡ್ಡಾದ ಅಂಚಿಗೆ ಹತ್ತಿಯ ಮೆತ್ತೆ ಕಟ್ಟಿಸಲಿ, ತೋರಿಸಿಕೊಳ್ಳಲು ಅರ್ಧ ದಿನ ಬಿಡಲಿ. ಅದಕ್ಕೆ ದೊಡ್ಡ ಖರ್ಚೇನಿಲ್ಲ.

ನಮ್ಮಲ್ಲಿ ಅನೇಕರ ಮನೆಯಲ್ಲಿ ಹೊಲಿಗೆ, ಕಸೂತಿ ಮಾಡುವವರಿದ್ದಾರೆ. ಅಬ್ಬಾ, ಅಮ್ಮಿಯನ್ನು ಇವತ್ತೇ ಕೇಳಿ: ಕಿರುಬೆರಳು ಜೋಮು ಬರುತ್ತಾ?