ಬೆಟ್ಟದ ಬುಡದಲ್ಲಿ ಬೆಟ್ಟಾ ಮೀನು

ಹೆಸರು ಬೆಟ್ಟಾ ಎಂದಿದ್ದರೂ ಈ ಮೀನಿಗೂ ಬೆಟ್ಟಕ್ಕೂ ಯಾವ ನಂಟೂ ಇಲ್ಲ. ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ಗದ್ದೆಬಯಲುಗಳಲ್ಲಿ ನಿಂತ ಬೆಚ್ಚನೆಯ ನೀರೇ ಇದರ ತವರು. ಅಲ್ಲಿನವರ ಬಾಯಲ್ಲಿ ಇದು ‘ಪ್ಲಾ ಕಟ್’, ಕಚ್ಚುವ ಮೀನು. 2019ರಲ್ಲಿ ಆ ದೇಶ ಇದಕ್ಕೆ ರಾಷ್ಟ್ರೀಯ ಜಲಚರವೆಂಬ ಪಟ್ಟವನ್ನೂ ಕಟ್ಟಿತು. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಟೇಟ್ ರೀಗನ್ 1910ರಲ್ಲಿ ಇದಕ್ಕಿಟ್ಟ ಶಾಸ್ತ್ರೀಯ ನಾಮ ‘ಬೆಟ್ಟಾ ಸ್ಪ್ಲೆಂಡೆನ್ಸ್’. ಕಾಂತಿವಂತವಾದುದು ಎಂದು ಅದರ ಅರ್ಥ. ಇಂತಹ ಕಾಂತಿವಂತ ಪ್ರಾಣಿ ಸಂಪಾಜೆ ಘಾಟಿಯ ಬುಡದ ಕಲ್ಲುಗುಂಡಿಯಲ್ಲಿ, ಆಟಿ ತಿಂಗಳ ಬಿಡದ ಮಳೆಯಲ್ಲಿ, ಗಾಜಿನ ಭರಣಿಯೊಂದರ ತಳಕ್ಕೆ ರೆಕ್ಕೆ ಮಡಚಿ ಬಿದ್ದುಕೊಂಡರೆ ಮನೆಮಂದಿಗೆ ಹೊಳೆಯುವುದು ಒಂದೇ ಮಾತು: “ಪಾಪ, ಹಸಿದಿದೆ.” ಕೂಡಲೆ ಮಕ್ಕಳ ಕೈ ಆಹಾರದ ಡಬ್ಬಿಗೆ ಹೋಗುತ್ತದೆ.

ಆ ಕೈಯನ್ನು ಅಲ್ಲಿಯೇ ತಡೆಯಬೇಕು. ಮೀನು ಸೊರಗಿರುವುದು ನಿಜವಾಗಿರಬಹುದು. ಮೇಲಿನಿಂದ ನೋಡಿದಾಗ ತಲೆ ದಪ್ಪವಾಗಿ, ಅದರ ಹಿಂದಿನ ಮೈ ಕಡ್ಡಿಯಂತೆ ಕಂಡರೆ ಸಂದೇಹವೇ ಬೇಡ. ಆದರೆ ಬಹುಮಟ್ಟಿಗೆ ಅದಕ್ಕೆ ಕೊರತೆಯಾಗಿರುವುದು ಅನ್ನವಲ್ಲ, ಶಾಖ. ಮೀನಿಗೆ ನಮ್ಮಂತೆ ಸ್ವಂತ ಮೈಬಿಸಿಯಿಲ್ಲ. ಸುತ್ತಲಿನ ನೀರು ಎಷ್ಟು ಬೆಚ್ಚಗೋ ಅದರ ಜಠರಾಗ್ನಿಯೂ ಅಷ್ಟೇ. ಬೆಟ್ಟಾಕ್ಕೆ ಹಿತವಾದುದು 25ರಿಂದ 28 ಡಿಗ್ರಿ ಸೆಲ್ಸಿಯಸ್. ಘಾಟಿಯಿಂದ ಇಳಿದುಬರುವ ಮಳೆಗಾಳಿಯ ರಾತ್ರಿಗಳಲ್ಲಿ ಒಂದು ಲೀಟರಿನ ಭರಣಿ ಅದಕ್ಕಿಂತ ಕೆಳಗಿಳಿಯಲು ಹೆಚ್ಚು ಹೊತ್ತು ಬೇಡ. ನೀರು ತಣ್ಣಗಾದರೆ ಜೀರ್ಣಶಕ್ತಿ ಕುಂದುತ್ತದೆ, ಹಸಿವು ಅಡಗುತ್ತದೆ, ಮೀನು ಅಲುಗಾಡದೆ ಮಲಗುತ್ತದೆ. ಆಗ ಹಾಕಿದ ಆಹಾರ ತಳದಲ್ಲಿ ಕೊಳೆತು ಅಮೋನಿಯವಾಗುತ್ತದೆ. ಅಮೋನಿಯ ಕಿವಿರುಗಳನ್ನು ಸುಡುತ್ತದೆ. ಪ್ರೀತಿಯಿಂದ ಹಾಕಿದ ತುತ್ತೇ ಮೀನಿಗೆ ವಿಷವಾಗುವ ಬಗೆ ಇದು.

ಈ ಸೀಮೆಯ ಮಕ್ಕಳಿಗೆ ಇನ್ನೊಂದು ಅಭ್ಯಾಸವುಂಟು. ಸುಳ್ಯ ತಾಲೂಕಿನ ತೊಡಿಕಾನದಲ್ಲಿ, ಮಲ್ಲಿಕಾರ್ಜುನ ದೇವಾಲಯದ ಮತ್ಸ್ಯತೀರ್ಥದಲ್ಲಿ, ಭಕ್ತರು ಎಸೆದ ಅಕ್ಕಿಗೆ ಹಿಂಡುಹಿಂಡಾಗಿ ಮುತ್ತುವ ದೇವರ ಮೀನುಗಳನ್ನು ಅವರು ಕಂಡಿದ್ದಾರೆ. ಆ ದೊಡ್ಡ ಮೀನುಗಳು ಕಾಳನ್ನೂ ಅರಗಿಸಿಕೊಳ್ಳಬಲ್ಲವು. ಬೆಟ್ಟಾ ಅಪ್ಪಟ ಮಾಂಸಾಹಾರಿ. ಅನ್ನದ ಅಗುಳು, ಬ್ರೆಡ್ಡಿನ ಚೂರು ಅದಕ್ಕೆ ಹೊರೆಯೇ ಹೊರತು ಆಹಾರವಲ್ಲ.

ಭರಣಿಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಬೆಟ್ಟಾದ ಕಿವಿರುಗಳ ಮೇಲ್ಗಡೆ ಚಕ್ರವ್ಯೂಹದಂತೆ ಮಡಿಕೆಮಡಿಕೆಯಾದ ಒಂದು ಅಂಗವಿದೆ. ಅದರ ಬಲದಿಂದ ಅದು ಮೇಲೆ ಬಂದು ಬಯಲ ಗಾಳಿಯನ್ನೇ ಉಸಿರಾಡುತ್ತದೆ. ಇಷ್ಟು ಕೇಳಿದೊಡನೆ ಜನ, ಹಾಗಾದರೆ ಲೋಟದ ನೀರೂ ಸಾಕು ಎಂದು ತೀರ್ಮಾನಿಸಿಬಿಡುತ್ತಾರೆ. ಗಂಡುಗಳು ಒಂದನ್ನೊಂದು ಹರಿದುಹಾಕುವುದರಿಂದ ಅಂಗಡಿಯವನು ಒಂದೊಂದನ್ನೂ ಬಟ್ಟಲಲ್ಲಿ ಇಡುತ್ತಾನೆ. ಅದು ಅಂಗಡಿಯ ಅನುಕೂಲ, ಮೀನಿನದಲ್ಲ. ಗಾಳಿ ಮೇಲಿನಿಂದ ಸಿಕ್ಕೀತು, ಕಲ್ಮಷ ಹೋಗುವುದೆಲ್ಲಿಗೆ?

ಆದುದರಿಂದ ಆರೈಕೆಯ ಮೊದಲ ಹೆಜ್ಜೆ ದೊಡ್ಡ ಪಾತ್ರೆ. ಹದಿನೈದು-ಇಪ್ಪತ್ತು ಲೀಟರು ಹಿಡಿಯುವ ತೊಟ್ಟಿಯಾದರೆ ಶಾಖವೂ ನಿಲ್ಲುತ್ತದೆ, ಕೊಳೆಯೂ ತೆಳುವಾಗುತ್ತದೆ. ಮೀನು ನಿತ್ರಾಣವಾಗಿರುವಾಗ ನೀರನ್ನು ಗೇಣೆತ್ತರಕ್ಕೆ ಮಾತ್ರ ತುಂಬಿಸಿದರೆ, ಉಸಿರಿಗಾಗಿ ಅದು ದೂರ ಏರಬೇಕಾಗಿಲ್ಲ. ಮೇಲೆ ಮುಚ್ಚಳವಿರಲಿ, ಗಾಳಿಗೆ ಸಂದೂ ಇರಲಿ. ಶಾಖನಿಯಂತ್ರಕವಿರುವ ಸಣ್ಣ ಹೀಟರು ಒಳ್ಳೆಯದು. ವಿದ್ಯುತ್ತು ಕೈಕೊಟ್ಟ ರಾತ್ರಿ ತೊಟ್ಟಿಗೆ ಹಳೆಯ ಕಂಬಳಿ ಸುತ್ತಿದರೂ ಉಪಕಾರವೇ. ಏರಿಸುವುದಾದರೆ ಗಂಟೆಗೆ ಒಂದು ಡಿಗ್ರಿಯಂತೆ ನಿಧಾನವಾಗಿ ಏರಿಸಬೇಕು. ಬಿಸಿನೀರು ಸುರಿದು ಆತುರ ತೋರಬಾರದು. ನೀರನ್ನು ಪೂರ್ತಿ ಚೆಲ್ಲುವುದೂ ತರವಲ್ಲ. ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗ ತೆಗೆದು, ಹಿಂದಿನ ದಿನವೇ ಒಳಗೆ ತುಂಬಿಟ್ಟ ಬಾವಿಯ ನೀರನ್ನು ಹಾಕಬೇಕು. ಕೊಳಾಯಿಯ ನೀರಾದರೆ ಕ್ಲೋರಿನ್ ಹೋಗಬೇಕು. ಅದಕ್ಕೆಂದೇ ಇರುವ ಔಷಧದ ಹನಿ ಹಾಕುವುದು ಭದ್ರ.

ಇಷ್ಟಾದಮೇಲೆ ಆಹಾರ. ಬೆಟ್ಟಾದ ಜಠರ ಅದರ ಕಣ್ಣಿನ ಗಾತ್ರದ್ದು ಎಂದು ಸಾಕುವವರು ಲೆಕ್ಕವಿಡುತ್ತಾರೆ. ದಿನಕ್ಕೆ ಎರಡು ಮೂರು ಬಾರಿ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಸಾಕು. ಸೊರಗಿದ ಮೀನಿಗೆ ಒಣ ಗುಳಿಗೆಗಿಂತ ಅಲುಗುವ ಹುಳು ರುಚಿ. ಸೊಳ್ಳೆಯ ಮರಿಹುಳುವನ್ನು ಕಂಡರೆ ಮಂಕಾಗಿದ್ದ ಕಣ್ಣು ಕೂಡ ತಿರುಗುತ್ತದೆ. ಅಡಕೆ ತೋಟದ ನಾಡಿನಲ್ಲಿ ಅದಕ್ಕೇನು ಬರ, ಬಿದ್ದ ಹಾಳೆಗಳಲ್ಲಿ, ರಬ್ಬರಿನ ಚಿಪ್ಪುಗಳಲ್ಲಿ ಬೇಕಾದಷ್ಟು, ಎನ್ನಬಹುದು. ಇಲ್ಲಿಯೇ ಎಚ್ಚರ ಬೇಕು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಅಡಕೆಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ. ಅದರ ತಾಮ್ರ ಕೊಳೆರೋಗಕ್ಕೆ ಮದ್ದು, ಮೀನಿಗೆ ನಂಜು. ಕೆಳಗೆ ಬಿದ್ದ ಹಾಳೆಯ ನೀರಿನಲ್ಲಿ ಆ ಹನಿಗಳೂ ಸೇರಿರುತ್ತವೆ. ಹುಳು ಬೇಕಾದರೆ ತೋಟದಿಂದ ದೂರ, ಮನೆಯಂಗಳದ ಮಳೆನೀರಿನ ಬಾಲ್ದಿಯಿಂದ, ಜಾಲರಿಯಲ್ಲಿ ಸೋಸಿ, ಶುದ್ಧ ನೀರಿನಲ್ಲಿ ತೊಳೆದು ಕೊಡಬೇಕು. ಉಳಿದದ್ದನ್ನು ಅಂದೇ ಬಿಸಿಲಿಗೋ ಒಣನೆಲಕ್ಕೋ ಚೆಲ್ಲಬೇಕು. ವಾರ ಕಳೆಯುವಷ್ಟರಲ್ಲಿ ಅವು ರೆಕ್ಕೆ ಬಂದು ಹಾರುತ್ತವೆ. ಒಂದು ಮೀನನ್ನು ಉಳಿಸಹೋಗಿ ಮನೆಗೆ ಡೆಂಗೀ ಜ್ವರವನ್ನು ಕರೆತರುವುದು ಯಾವ ಜಾಣತನ? ಇಷ್ಟು ತೊಂದರೆ ಬೇಡವೆನ್ನುವವರಿಗೆ ಅಂಗಡಿಯ ಹಿಮಗಟ್ಟಿಸಿದ ರಕ್ತಹುಳುವೇ ಸಾಕು.

ಬೆಚ್ಚನೆಯ ನೀರಿನಲ್ಲಿ ಕೆಲವೇ ದಿನಗಳಿಗೆ ರೆಕ್ಕೆ ಬಿಚ್ಚಿಕೊಳ್ಳುವುದುಂಟು. ಮೈ ತುಂಬಲು ವಾರಗಳೇ ಬೇಕು. ಚೆನ್ನಾಗಿ ತಿಂದೂ ಸೊರಗುತ್ತಲೇ ಹೋದರೆ, ಮಲ ಬಿಳಿದಾರದಂತೆ ಇಳಿದರೆ, ಒಳಗೆ ಪರೋಪಜೀವಿಗಳಿರಬಹುದು. ಬೆನ್ನು ಬಾಗಿ ಹುಣ್ಣೂ ಕಾಣಿಸಿದರೆ ಮೀನಿನ ಕ್ಷಯವನ್ನೂ ಶಂಕಿಸಬೇಕು. ಕೈಯಲ್ಲಿ ಗಾಯವಿರುವವರು ಆ ನೀರನ್ನು ಮುಟ್ಟಬಾರದು, ಆ ರೋಗಾಣು ಮನುಷ್ಯನ ಚರ್ಮಕ್ಕೂ ಹತ್ತೀತು. ಊಹೆಯ ಮದ್ದು ಸುರಿಯುವುದಕ್ಕಿಂತ ಬಲ್ಲವರನ್ನು ಕೇಳುವುದು ಮೇಲು. 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯ ಮಂಗಳೂರಿನಲ್ಲಿಯೇ ಇದೆ. ಮೀನಿಗೆ ಮೂರು ವರ್ಷ ದಾಟಿದ್ದರೆ ಅದು ಮುಪ್ಪೂ ಆಗಿರಬಹುದು. ಅದಕ್ಕೆ ಮದ್ದಿಲ್ಲ, ಬೆಚ್ಚನೆಯ ನೀರುಂಟು.

ಚೇತರಿಸದ ಮೀನನ್ನು ಕೊನೆಗೆ ಪಯಸ್ವಿನಿಗೆ ಬಿಟ್ಟು ‘ಪುಣ್ಯ’ ಕಟ್ಟಿಕೊಳ್ಳುವವರೂ ಇಲ್ಲದಿಲ್ಲ. ನಿಂತ ನೀರಿನಲ್ಲಿ ಈಜಲಾರದ ಪ್ರಾಣಿಯನ್ನು ಆಟಿಯ ಕೆಂಪು ಪ್ರವಾಹಕ್ಕೆ ಎಸೆಯುವುದು ಬಿಡುಗಡೆಯಲ್ಲ. ಅದರ ರೋಗವನ್ನು ಹೊಳೆಯ ಮೀನುಗಳಿಗೆ ಹಂಚುವ ಅಪಾಯ ಬೇರೆ. ಅದು ಇರುವಷ್ಟು ದಿನ ತೊಟ್ಟಿಯಲ್ಲಿಯೇ ಇರಲಿ, ಕಂಬಳಿಯ ಮರೆಯಲ್ಲಿ.